ಗಾರ್ಡಿಯನ್‌ರನ್ನು ಕರೆದುಕೊಂಡು ಹೋದ ಶುಕ್ರವಾರ

ಅಮೆರಿಕದ ಆಸ್ಟಿನ್ ಹೊರಗಿನ ಒಂದು ಸಣ್ಣ ಕಾಲೇಜಿಗೆ ನಾನು ಸೇರಿ ಆಗಿನ್ನೂ ತಿಂಗಳಾಗಿತ್ತು. ಹುಬ್ಬಳ್ಳಿಯಲ್ಲಿ ಪಿಯುಸಿ ಸೈನ್ಸ್ ಮುಗಿಸಿ ಬಂದವಳು ನಾನು. ಇಲ್ಲಿ ಹೊಸಬರೆಲ್ಲ ಯಾವುದಾದರೂ ಒಂದು ವಿಷಯ ಹಿಡಿದು ಚರ್ಚೆ ಮಾಡುವ ಕ್ಲಾಸು ತೆಗೆದುಕೊಳ್ಳಲೇಬೇಕಿತ್ತು. ನನಗೆ ಸಿಕ್ಕ ವಿಷಯ ಊಟ. ಊಟದ ಬಗ್ಗೆ ಎಂಥ ಪಾಠವೇ ಎಂದು ಮನೆಯಲ್ಲಿ ನಕ್ಕರು. ನಾನೂ ನಕ್ಕೆ.

ಜನ ಯಾಕೆ ಒಟ್ಟಿಗೆ ಕೂತು ಉಣ್ಣುತ್ತಾರೆ ಎಂಬ ಪ್ರಬಂಧವನ್ನು ನನಗೆ ಗೊತ್ತಿದ್ದ ರೀತಿಯಲ್ಲೇ ಬರೆದೆ: ಮೊದಲು ವ್ಯಾಖ್ಯೆ, ಆಮೇಲೆ ಪಾಯಿಂಟುಗಳು, ಕೊನೆಗೆ ಉಪಸಂಹಾರ. ತಲೆಬರಹಗಳಿಗೆಲ್ಲ ಅಡಿಗೆರೆ. ಪ್ರೊಫೆಸರಮ್ಮ ಮಾರ್ಕ್ಸೇ ಹಾಕಿರಲಿಲ್ಲ. ಶುಕ್ರವಾರ ನನ್ನ ಆಫೀಸಿಗೆ ಬಾ ಎಂದಷ್ಟೇ ಬರೆದಿದ್ದರು.

ನನ್ನ ಜೀವ ಬಾಯಿಗೆ ಬಂತು. ನಮ್ಮ ಪಿಯು ಕಾಲೇಜಿನಲ್ಲಿ ಸ್ಟಾಫ್ ರೂಮಿಗೆ ಕರೆದರೆಂದರೆ ಅಪ್ಪನನ್ನು ಕರೆದುಕೊಂಡು ಬಾ ಅಂತಲೇ ಅರ್ಥ. ಊರಿಗೆ ವಾಪಸ್ ಕಳಿಸಿಬಿಡುತ್ತಾರೆ ಅಂದುಕೊಂಡೆ. ಅಪ್ಪ ಹುಬ್ಬಳ್ಳಿಯಲ್ಲಿ. ಹಾಗಾಗಿ ಪಕ್ಕದ ಊರು ಲಿಯಾಂಡರ್‌ನಲ್ಲಿದ್ದ ಅಪ್ಪನ ಗೆಳೆಯನಿಗೆ, ನನ್ನ ಲೋಕಲ್ ಗಾರ್ಡಿಯನ್ ಅಂಕಲ್‌ಗೆ, ಫೋನ್ ಮಾಡಿದೆ. ಭಾನುವಾರದ ಊಟ ನನಗೆ ಅಂಕಲ್-ಆಂಟಿ ಮನೆಯಲ್ಲೇ. ಪಾಪ, ಆಫೀಸಿಗೆ ರಜೆ ಹಾಕಿ, ಇಸ್ತ್ರಿ ಶರ್ಟು ತೊಟ್ಟು ಬಂದೇಬಿಟ್ಟರು.

"ನೀ ಏನೂ ಮಾತಾಡಬ್ಯಾಡವಾ. ನಾ ಎಲ್ಲಾ ನೋಡ್ಕೋತೇನಿ," ಎಂದರು.

ನಮ್ಮಿಬ್ಬರನ್ನು ಬಾಗಿಲಲ್ಲಿ ನೋಡಿ ಪ್ರೊಫೆಸರಮ್ಮನಿಗೇ ಗಾಬರಿ. ಏನಾದರೂ ತೊಂದರೆಯೇ ಎಂದು ಅವರೇ ನಮ್ಮನ್ನು ಕೇಳಿದರು. ಹುಡುಗಿ ಒಳ್ಳೆಯವಳು, ಇನ್ನು ಮುಂದೆ ಹೀಗಾಗುವುದಿಲ್ಲ ಎಂದು ಅಂಕಲ್ ಇಂಗ್ಲಿಷಿನಲ್ಲಿ ಭರವಸೆ ಕೊಟ್ಟರು. ಏನಾಗಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ನಾಚಿಕೆಯಿಂದ ನಾನು ಹಿಡಿಯಷ್ಟಾಗಿದ್ದೆ.

ಆಕೆ ನಕ್ಕು ಕುರ್ಚಿ ತೋರಿಸಿದರು. ತಪ್ಪೇನೂ ಆಗಿರಲಿಲ್ಲವಂತೆ. ಬೇರೆಯವರು ಹೇಳಿದ್ದೆಲ್ಲ ಪ್ರಬಂಧದಲ್ಲಿದೆ, ನೀನು ಕಂಡದ್ದು ಮಾತ್ರ ಇಲ್ಲ, ಅದನ್ನು ಮಾತಾಡೋಣ ಅಂತ ಕರೆದದ್ದಂತೆ. ಊರಿಗೆ ಕಳಿಸುವ ಮಾತೇ ಇರಲಿಲ್ಲ! ಎದೆ ಹಗುರಾಯಿತು. ನಿಮ್ಮ ಮನೆಯಲ್ಲಿ ಹೇಗೆ ಉಣ್ಣುತ್ತೀರಿ ಎಂದು ಕೇಳಿದರು.

ಅಂಕಲ್ ನಡುವೆ ಬಾಯಿ ಹಾಕಿದರು. ನಮ್ಮಲ್ಲಿ ಎಲ್ಲರೂ ಒಟ್ಟಿಗೇ ಕೂತು ಉಣ್ಣುತ್ತೇವೆ, ಅದು ನಮ್ಮ ಸಂಸ್ಕೃತಿ ಎಂದರು.

"ಇಲ್ಲ ಅಂಕಲ್," ಎಂದೆ. ದೊಡ್ಡವರಿಗೆ ಎದುರಾಡಿದ್ದು ಅದೇ ಮೊದಲು. ಅಮ್ಮ ಎಂದೂ ನಮ್ಮ ಜೊತೆ ಕೂತಿಲ್ಲ ಎಂದೆ. ನಮಗೆಲ್ಲ ಬಿಸಿ ರೊಟ್ಟಿ ಬಡಿದು ಹಾಕಿ, ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಾಳೆ. ಅಷ್ಟು ಹೊತ್ತಿಗೆ ನಾವೆಲ್ಲ ಟಿವಿ ಮುಂದೆ. ಹೇಳುತ್ತಲೇ ಹೋದೆ. ನನ್ನ ಮಾತು ನಾನೇ ಆಡುವುದರಲ್ಲಿ ಎಷ್ಟೊಂದು ಖುಷಿಯಿತ್ತು.

ಅದನ್ನೇ ಬರೆದುಕೊಂಡು ಬಾ ಎಂದರು ಪ್ರೊಫೆಸರಮ್ಮ.

ವಾರಾಂತ್ಯವಾದ್ದರಿಂದ ಅಂಕಲ್ ನನ್ನನ್ನು ಮನೆಗೆ ಕರೆದುಕೊಂಡು ಹೊರಟರು. ಬೈಯುತ್ತಾರೆಂದು ಮುದುಡಿ ಕೂತಿದ್ದೆ. ಲಿಯಾಂಡರ್ ಬಂತು. ಮನೆ ಮುಂದೆ ಕಾರು ನಿಲ್ಲಿಸಿದರು, ಇಳಿಯಲಿಲ್ಲ.

"ನಿಮ್ಮ ಆಂಟಿ ಯಾವಾಗ ಉಣ್ತಾಳವಾ?" ಎಂದರು. "ನಾ ನೋಡೇ ಇಲ್ಲಲ್ಲ."