ಎರ್ರಿ ಅನ್ನೋದು ಹೆಸರು

ಕುರುಗೋಡಿನ ಸುಮಂಗಲಾಳ ಮಗಳಿಗೆ ಎರಡು ಹೆಸರು. ಆಧಾರ್ ಕಾರ್ಡಿನಲ್ಲಿ ಚೈತ್ರಾ, ಮನೆಯಲ್ಲೂ ಓಣಿಯಲ್ಲೂ ಎರ್ರಿ. ಚೈತ್ರಾ ಎಂಬುದು ಕೂಸು ಹೊಟ್ಟೆಯಲ್ಲಿದ್ದಾಗಲೇ ಸುಮಂಗಲಾ ಆರಿಸಿಟ್ಟುಕೊಂಡದ್ದು. ಎರ್ರಿ ಎಂಬುದು ಅತ್ತೆ ಗಿಡ್ಡಮ್ಮ ಹರಕೆ ಹೊತ್ತು ಇಟ್ಟದ್ದು. ಹುಟ್ಟಿದಾಗ ಕೂಸು ಅಳಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಗಿಡ್ಡಮ್ಮ ಹೊರಗಿನ ಕಟ್ಟೆಯ ಮೇಲೆ ಕೂತು ಆ ಸೀಮೆಯವರು ನಡೆದುಕೊಳ್ಳುವ ಅವಧೂತ ಎರ್ರಿತಾತನಿಗೆ ಬೇಡಿಕೊಂಡಳು: ಕೂಸು ಉಳಿಸಿಕೊಡು, ನಿನ್ನ ಹೆಸರಿಡುತ್ತೇನೆ. ಕೂಸು ಉಳಿಯಿತು. ತಾತನೇ ತನ್ನ ಪಾಲಿನದು ನಡೆಸಿಕೊಟ್ಟ ಮೇಲೆ ಗಿಡ್ಡಮ್ಮ ಮಾತು ತಪ್ಪುವ ಹೆಂಗಸೇ? ಆ ಸೀಮೆಯಲ್ಲಿ ಎರ್ರಿಸ್ವಾಮಿ, ಎರ್ರೆಮ್ಮರಿಗೆ ಬರವಿಲ್ಲದ್ದರಿಂದ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಕೂಸು ಉಳಿದದ್ದೇನೋ ನಿಜ, ಆದರೆ ಕೈಕಾಲು ಹಗ್ಗದಂತೆ ಬಿಗಿದುಕೊಂಡಿದ್ದವು. ಹುಟ್ಟುವಾಗ ಮೆದುಳಿಗೆ ಉಸಿರು ಸಾಲದೆ ಹೀಗಾಗಿದೆ, ಇದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ ಎಂದು ಡಾಕ್ಟರು ಹೇಳಿದರು.

"ವಾಸಿ ಆಗ್ತೈತೇನ್ರಿ ಸಾರ್?" ಎಂದು ಸುಮಂಗಲಾ ಕೇಳಿದಳು.

"ವಾಸಿ ಆಗೋದಲ್ಲಮ್ಮ ಇದು. ಆದರೆ ಕಲಿಸಿದ್ರೆ ಕಲೀತಾಳೆ."

ಸುಮಂಗಲಾ ಮೊದಲ ಮಾತನ್ನು ಅಲ್ಲೇ ಬಿಟ್ಟು ಎರಡನೆಯದನ್ನು ಸೆರಗಿಗೆ ಕಟ್ಟಿಕೊಂಡು ಬಂದಳು. ಅವಳು ಸಿರಿಗೇರಿಯ ಹೆಣ್ಣು. ಅಳುವುದಿದ್ದರೆ ಒಮ್ಮೆಗೆ ಅತ್ತು ಮುಗಿಸಿ ಕೆಲಸಕ್ಕೆ ಏಳುವ ಜಾಯಮಾನ. ಗಂಡ ಹುಲುಗೇಶ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹಮಾಲಿ, ಮೂಟೆ ಹೊತ್ತು ಹೊತ್ತು ಮಾತೇ ಕಡಿಮೆಯಾದವನು. ಅವಳು ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅಲ್ಲಿ ಅವಳ ಕೆಲಸ ಬೆಲ್ಟ್ ತೂರಿಸುವ ಪಟ್ಟಿಗಳನ್ನು ಪ್ಯಾಂಟಿಗೆ ಕೂರಿಸುವುದು. ಬಸ್ಸಿಗೆ ಹೊರಡುವ ಮೊದಲು ಮುಕ್ಕಾಲು ಗಂಟೆ ಮಗಳ ಕಾಲು ಎಳೆದು, ಮಡಚಿ, ಬಿಡಿಸಿ ವ್ಯಾಯಾಮ ಮಾಡಿಸಬೇಕು. ಮಗಳು ಚೀರುತ್ತಿದ್ದಳು. ಓಣಿಯವರು ಮೊದಮೊದಲು ಏನಾಯಿತೆಂದು ಓಡಿ ಬರುತ್ತಿದ್ದರು, ಆಮೇಲೆ ಆ ಚೀರಾಟ ಕೇಳಿ ಹೊತ್ತೆಷ್ಟಾಯಿತೆಂದು ತಿಳಿಯತೊಡಗಿದರು.

ವಾರಕ್ಕೆರಡು ದಿನ ಮಗಳನ್ನೂ ಕಂಕುಳಲ್ಲಿ ಎತ್ತಿಕೊಂಡು ಬಳ್ಳಾರಿಗೆ ಹೋಗಬೇಕು. ಅಲ್ಲಿ ರಾಧಾ ಎಂಬ ಫಿಸಿಯೋಥೆರಪಿಯ ಹುಡುಗಿ ಇದ್ದಳು, ಮನೆಮಾತು ತೆಲುಗು, ಮಕ್ಕಳ ಮೇಲೆ ಜೀವ. ಎರ್ರಿಯನ್ನು ನಿಲ್ಲಿಸುವಾಗ ಹಿಂದಿನಿಂದ ಹಿಡಿದುಕೊಳ್ಳಲು ಸೊಂಟಕ್ಕೊಂದು ಗಟ್ಟಿ ಪಟ್ಟಿ ಬೇಕು ಎಂದಳು ರಾಧಾ. ಸುಮಂಗಲಾ ಯೂನಿಟ್ಟಿನಲ್ಲಿ ಉಳಿದ ಜೀನ್ಸ್ ತುಂಡುಗಳನ್ನು ಮೂರು ಪದರ ಮಾಡಿ, ಬೆನ್ನಿನ ಕಡೆ ಎರಡು ಹಿಡಿಕೆ ಕೂರಿಸಿ ಹೊಲಿದು ತಂದಳು. ರಾಧಾ ಅದನ್ನು ಜಗ್ಗಿ ನೋಡಿದಳು, ಹರಿಯಲಿಲ್ಲ. "ಅಕ್ಕಾ, ಇನ್ನೂ ಆರು ಹೊಲಕೊಂಡು ಬರ್ರಿ, ಬೇರೆ ಮಕ್ಕಳಿಗೂ ಬೇಕು" ಎಂದಳು.

ಇನ್ನು ಗಿಡ್ಡಮ್ಮನ ಕಾರುಬಾರು. ಆಂಧ್ರದ ಗಡಿಗೆ ಹತ್ತಿದ ಆ ಸೀಮೆಯ ಮನೆಗಳಲ್ಲಿ ಕೂಸು ಬೋರಲು ಬಿದ್ದರೆ ಹೋಳಿಗೆ, ಹೊಸ್ತಿಲು ದಾಟಿದರೆ ಗಾರಿಗೆ, ಹೆಜ್ಜೆ ಇಟ್ಟರೆ ಕಜ್ಜಾಯ ಮಾಡಿ ಓಣಿಗೆ ಹಂಚುವ ರೂಢಿ. ಎಲ್ಲರ ಮನೆಯಲ್ಲೂ ಅದು ವರ್ಷದೊಳಗೆ ಮುಗಿದುಹೋಗುತ್ತದೆ. ಎರ್ರಿ ಬೋರಲು ಬಿದ್ದದ್ದು ಎರಡು ವರ್ಷಕ್ಕೆ. ಅಂದೇ ಗಿಡ್ಡಮ್ಮ ಕಡಲೆಬೇಳೆ ಬೇಯಲಿಟ್ಟಳು. "ಇಷ್ಟ್ ದೊಡ್ಡ ಕೂಸಿಗೆ ಈಗೇನವ್ವ ಹೋಳಿಗಿ?" ಎಂದು ಪಕ್ಕದ ಮನೆಯ ಗಂಗಕ್ಕ ನಕ್ಕಳು. "ನಿನಗ ಬ್ಯಾಡಾದ್ರ ಬಿಡಲೇ, ನಿನ್ನ ಪಾಲಿಂದೂ ನಾನs ತಿಂತೀನಿ" ಎಂದಳು ಗಿಡ್ಡಮ್ಮ. ಗಂಗಕ್ಕ ನಾಲ್ಕು ತಿಂದಳು. ನಾಲ್ಕು ವರ್ಷಕ್ಕೆ ಎರ್ರಿ ಮೊಣಕೈ ಊರಿ ತೆವಳುತ್ತ ಹೊಸ್ತಿಲು ದಾಟಿದಳು, ಗಾರಿಗೆಯಾಯಿತು. ಆರು ವರ್ಷಕ್ಕೆ ವಾಕರ್ ಹಿಡಿದು, ಹಿಂದೆ ಅವ್ವ ಜೀನ್ಸ್ ಪಟ್ಟಿ ಹಿಡಿದಿರಲು, ಅಂಗಳದಲ್ಲಿ ಐದು ಹೆಜ್ಜೆ ಹಾಕಿದಳು. ಅಂದು ಹುಲುಗೇಶ ಮಿಲ್ಲಿಗೆ ಹೋಗಲೇ ಇಲ್ಲ. ಹೆಜ್ಜೆಯ ಶಾಸ್ತ್ರಕ್ಕೆಂದು ಗಿಡ್ಡಮ್ಮ ಅಂಗಳದಲ್ಲಿ ಸಾಲಾಗಿ ಇಟ್ಟ ಕಜ್ಜಾಯದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮಗಳ ಪಾದ ಎತ್ತಿಟ್ಟ ಕಡೆಯೆಲ್ಲ ಕೈಯಿಂದ ನೆಲ ಸವರಿದ. ಅಷ್ಟು ಹೊತ್ತಿಗೆ ಗಂಗಕ್ಕನೂ ತಟ್ಟೆ ಹಿಡಿದು ಬಂದಿದ್ದಳು, ಈ ಸಲ ನಗಲಿಲ್ಲ.

ಮಾತೂ ತಡವಾಗಿಯೇ ಬಂತು. ನಾಲಗೆಯೂ ಬಿಗಿ, ಜೊಲ್ಲು ಸುರಿಯುತ್ತದೆ, ಒಂದೊಂದು ಮಾತು ಹೊರಬರಲು ಹೊತ್ತು ಹಿಡಿಯುತ್ತದೆ. ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಅವಳು ಎಂಥ ಚಾಲಾಕಿ ಎಂದು ಗೊತ್ತು. ಗಿಡ್ಡಮ್ಮ ಬೆಲ್ಲದ ಡಬ್ಬಿ ಎಲ್ಲಿ ಮುಚ್ಚಿಟ್ಟಿದ್ದಾಳೆಂದು ಮನೆಯಲ್ಲಿ ಎರ್ರಿಯೊಬ್ಬಳಿಗೇ ಗೊತ್ತಿತ್ತು.

ಏಳು ತುಂಬಿದ ಮೇಲೆ ಸುಮಂಗಲಾ ಅವಳನ್ನು ಶಾಲೆಗೆ ಹಚ್ಚಲು ಕರೆದೊಯ್ದಳು. ಹೆಡ್‌ಮಾಸ್ಟರು ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು, ಕಾಗದ ಕೇಳಿದರು. ಅಂಗವಿಕಲರ ಕಾರ್ಡು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಇದರಾಗ ಬುದ್ಧಿ ಬೆಳವಣಿಗಿ ಕಡಿಮಿ ಅಂತ ಬರದಾರಲ್ಲಮ್ಮ. ಕೈಕಾಲಿಂದು ಏನೂ ಬರದಿಲ್ಲ."

ಸುಮಂಗಲಾಳಿಗೆ ಅರ್ಥವಾಗಲಿಲ್ಲ. ಅಂಗವಿಕಲರ ಶಿಬಿರದಲ್ಲಿ ಡಾಕ್ಟರು ನೋಡಿ ಬರೆದ ಕಾರ್ಡು, ಬಂದು ಎರಡು ವರ್ಷವಾಗಿತ್ತು. ಬಸ್ ಪಾಸಿಗೆ ನಡೆಯುತ್ತಿತ್ತು, ಫೋಟೊ ಸರಿಯಿತ್ತು, ಉಳಿದದ್ದೆಲ್ಲ ಇಂಗ್ಲಿಷಿನಲ್ಲಿತ್ತು.

"ನನ್ನ ಮಗಳಿಗೆ ಬುದ್ಧಿ ಬರೋಬ್ಬರಿ ಐತ್ರಿ ಸಾರ್."

"ನಾನೂ ಇಲ್ಲ ಅನ್ನಂಗಿಲ್ಲ. ಆದ್ರ ಕಾರ್ಡಿನ ಪ್ರಕಾರ ಈಕೀಗಿ ಮನಿಯಾಗ ಪಾಠ. ವಾರಕ್ಕೊಮ್ಮೆ ಟೀಚರ್ ಮನಿಗೇ ಬರ್ತಾರ. ಸಾಲಿಗೇ ಬರ್ಬೇಕಂದ್ರ ಕಾರ್ಡ್ ತಿದ್ದಿಸಿಕೊಂಡು ಬರ್ರಿ. ನಾಳೆನs ಸೇರಿಸ್ಕೋತೀನಿ."

ಮನೆಯ ದಾರಿಯಲ್ಲಿ ಕಂಕುಳಲ್ಲಿದ್ದ ಎರ್ರಿ ಬಹಳ ಹೊತ್ತು ಬಾಯಿ ಆಡಿಸಿ ಕೇಳಿದಳು: "ಯಮ್ಮಾ... ನಾ... ಅವರಿಗಿ ಬ್ಯಾಡ?"

ಸುಮಂಗಲಾ ಮಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. ಏಳು ವರ್ಷ ಕಾಲು ಎಳೆದು ಕಲಿಸಿದ್ದೆಲ್ಲ ಮನೆಯ ಮೂಲೆಯಲ್ಲಿ ವಾರಕ್ಕೊಂದು ಪಾಠ ಕೇಳುವುದಕ್ಕೇ? ಓರಗೆಯ ಮಕ್ಕಳ ನಡುವೆ ಮಗಳು ಕೂರಬೇಕು, ಅದೊಂದು ಆಗಲೇಬೇಕು.

ಮರುದಿನ ಬಳ್ಳಾರಿಯಲ್ಲಿ ರಾಧಾಳಿಗೆ ಕಾರ್ಡು ತೋರಿಸಿದಳು. ರಾಧಾಳಿಗೂ ತಲೆಬುಡ ತಿಳಿಯಲಿಲ್ಲ. "ಶಿಬಿರದಾಗ ಡಾಕ್ಟರು ಏನು ಕೇಳಿದ್ರಕ್ಕಾ? ನೆನಪು ಮಾಡ್ಕೊಂಡು ಹೇಳ್ರಿ."

ಸುಮಂಗಲಾ ನೆನಪು ಮಾಡಿಕೊಂಡಳು. ಸಂತೆಯಂಥ ಗದ್ದಲ, ಉದ್ದನೆಯ ಸಾಲು. ಡಾಕ್ಟರು ಆಂಧ್ರದ ಕಡೆಯವರು, ಹೊಸಬರು, ಕನ್ನಡ ಇನ್ನೂ ಬಾರದು. ಮುಂದಿದ್ದ ಆಧಾರ್ ನೋಡಿ ಚೈತ್ರಾ ಎಂದು ಬರೆದುಕೊಂಡು, ತಲೆ ಎತ್ತದೆ "ಪಾಪಕಿ ಏಮಮ್ಮಾ?" ಎಂದರು. ಆ ಗದ್ದಲದಲ್ಲಿ ಕೂಸಿಗೆ ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ಅವರು ಕೇಳುತ್ತಿದ್ದಾರೆ ಅಂದುಕೊಂಡಳು ಸುಮಂಗಲಾ.

"ಎರ್ರಿ ಸಾರ್ ಅಂದೆ. ಹೂಂ ಅಂತ ಬರಕೊಂಡ್ರು."

ರಾಧಾ ಫಕ್ಕನೆ ನಕ್ಕಳು. ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ಅಕ್ಕಾ, ಅವರು ಕೂಸಿಗೆ ಏನಾಗೈತಿ ಅಂತ ಕೇಳ್ಯಾರ. ನೀವು ಎರ್ರಿ ಅಂದೀರಿ. ತೆಲುಗಿನಾಗ ಎರ್ರಿ ಅಂದ್ರ ತಲಿ ಸರಿ ಇಲ್ಲದಾಕಿ ಅಂತಲ್ಲೇನ್ರಿ!"

ಸುಮಂಗಲಾಳಿಗೆ ತೆಲುಗು ಬಾರದೆಂದಲ್ಲ. ಸಿರಿಗೇರಿಯ ಗದ್ದೆಗಳಲ್ಲಿ ತೆಲುಗಿನವರ ಜೊತೆ ಸಸಿ ನೆಟ್ಟೇ ಬೆಳೆದವಳು, ಗೆಳತಿಯರನ್ನು ಎಷ್ಟೋ ಸಲ ಆ ಮಾತಿನಲ್ಲೇ ರೇಗಿಸಿದವಳು. ಆದರೆ ಹೆಸರಿಗೆ ಅರ್ಥ ಹುಡುಕಿಕೊಂಡು ಯಾರು ಕೂರುತ್ತಾರೆ? ತನ್ನ ಬಾಯಿಂದಲೇ ಬಂದದ್ದು ಎಂದು ತಿಳಿದಾಗ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯದೆ ಮನೆಗೆ ಬಂದು ಅತ್ತೆಯ ಮೇಲೆ ಹಾಕಿದಳು. ನಿಮ್ಮ ಹರಕೆಯಿಂದಲೇ ಇಷ್ಟೆಲ್ಲ ಆಯಿತು ಎಂದು ಕೂಗಾಡಿದಳು. ಗಿಡ್ಡಮ್ಮ ಎಲ್ಲ ಕೇಳಿಸಿಕೊಂಡಳು.

"ತಾತಗೂ ಜನ ಹಂಗs ಅಂದಿದ್ರಂತ ಬಿಡಲೇ. ಆಮ್ಯಾಲೆ ಅವರs ಕೈ ಮುಗುದ್ರು. ಹೆಸರು ನಾ ತೆಗಿಯಂಗಿಲ್ಲ. ನೀ ಕಾರ್ಡ್ ತಿದ್ದಸು."

ತಿದ್ದಿಸುವುದೆಂದರೆ ಹೊಲಿಗೆ ಬಿಚ್ಚಿದಷ್ಟು ಸುಲಭವಲ್ಲ. ಮೊದಲ ಸಲ ಬಳ್ಳಾರಿಯ ಆಸ್ಪತ್ರೆಗೆ ಹೋದಾಗ ಅರ್ಜಿಯ ನಮೂನೆ ಬೇರೆ ಎಂದರು. ಎರಡನೆಯ ಸಲ ಪರೀಕ್ಷೆ ಮಾಡುವವರು ರಜೆ. ಮೂರನೆಯ ಸಲ ಒಳಗೆ ಕರೆಯುವವರೆಗೆ ಹೊರಗಿನ ಬೆಂಚಿನಲ್ಲಿ ಕಾಯುತ್ತ, ಪಕ್ಕದಲ್ಲಿ ಮಗಳ ಜೊತೆ ಕೂತಿದ್ದ ಕೊಟ್ರಮ್ಮ ಎಂಬ ಹೆಂಗಸಿಗೆ ಸುಮಂಗಲಾ ತನ್ನ ಕತೆಯನ್ನೆಲ್ಲ ಹೇಳಿದಳು. "ನನ್ನ ಮಗಳು ಅಂಥಾಕಿ ಅಲ್ಲರಿ, ತಪ್ಪಿ ಬರದಾರ" ಎಂದಳು.

ಕೊಟ್ರಮ್ಮ ತನ್ನ ಮಗಳ ಜಡೆ ನೇವರಿಸುತ್ತ ಹೇಳಿದಳು: "ನನ್ನಾಕಿ ಅಂಥಾಕೀನs ಯವ್ವ. ಆದ್ರ ಈಕೀಗೂ ಸಾಲಿ ಅಂದ್ರ ಭಾಳ ಆಸಿ."

ಸುಮಂಗಲಾಳಿಗೆ ನಾಚಿಕೆಯಾಯಿತು. ಬುತ್ತಿಯಲ್ಲಿದ್ದ ಚಪಾತಿಯ ಅರ್ಧವನ್ನು ಆ ಹುಡುಗಿಯ ಕೈಗಿಟ್ಟಳು.

ಒಳಗೆ ಬೇರೆ ಡಾಕ್ಟರಮ್ಮ ಇದ್ದರು. "ತಾಯಿ ಮಾತಾಡಬಾರದು" ಎಂದು ಮೊದಲೇ ಹೇಳಿದರು. ಚಿತ್ರ ತೋರಿಸಿದರು, ಬಣ್ಣ ಕೇಳಿದರು, ಎಣಿಸಲು ಹೇಳಿದರು. ಎರ್ರಿ ಒಂದೊಂದಕ್ಕೂ ಕತ್ತು ತಿರುಚಿ, ಬಾಯಿ ಓರೆ ಮಾಡಿ, ನಿಧಾನವಾಗಿ ಉತ್ತರ ಕೊಟ್ಟಳು. ಉತ್ತರ ಬರುವವರೆಗೆ ಸುಮಂಗಲಾ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಕೊನೆಗೆ ಡಾಕ್ಟರಮ್ಮ ಸುಮ್ಮನೆ ಕೇಳಿದರು, "ಇಲ್ಲಿಗೆ ಯಾಕೆ ಬಂದೀರಿ, ಗೊತ್ತಾ?"

ಎರ್ರಿ ಉಸಿರು ಎಳೆದುಕೊಂಡಳು. "ಕಾರ್ಡಿನಾಗ... ತಪ್... ಬರದಾರ."

"ಯಾರು ಬರೆದದ್ದು?"

"ನಿಮ್... ದಾಕ್ತರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಜೋರಾಗಿ ನಕ್ಕರು. ಆಮೇಲೆ ಪೆನ್ನು ತೆಗೆದುಕೊಂಡು ಬರೆದರು.

ಹೊಸ ಕಾರ್ಡು ದಸರಾ ರಜೆ ಮುಗಿಯುವಷ್ಟರಲ್ಲಿ ಬಂತು. ಹೆಡ್‌ಮಾಸ್ಟರು ಆಡಿದ ಮಾತಿನಂತೆ ಮರುದಿನವೇ ಸೇರಿಸಿಕೊಂಡರು. ಒಂದೇ ಒಂದು ಷರತ್ತು: ಮೊದಲ ವಾರ ತಾಯಿ ತರಗತಿಯಲ್ಲೇ ಇರಬೇಕು, ಬಿದ್ದುಗಿದ್ದರೆ ಯಾರು ಹೊಣೆ? ಸುಮಂಗಲಾ ಯೂನಿಟ್ಟಿಗೆ ರಜೆ ಹಾಕಿ ಒಂದನೇ ತರಗತಿಯ ಹಿಂದಿನ ಗೋಡೆಗೆ ಒರಗಿ ಕೂತಳು. ಎರಡು ದಿನ ಮಗಳ ಪೆನ್ಸಿಲ್ ಬಿದ್ದರೆ ಎತ್ತಿಕೊಟ್ಟಳು, ಜೊಲ್ಲು ಒರೆಸಿದಳು, ಟೀಚರ್ ಕೇಳಿದ್ದಕ್ಕೆ ಮಗಳು ಬಾಯಿ ತೆರೆಯುವ ಮೊದಲೇ ತಾನೇ ಉತ್ತರ ಹೇಳಿದಳು.

ಮೂರನೆಯ ದಿನವೂ ಪೆನ್ಸಿಲ್ ಬಿತ್ತು. ಸುಮಂಗಲಾ ಏಳುವಷ್ಟರಲ್ಲಿ ಪಕ್ಕದ ಹುಡುಗಿ ಬಗ್ಗಿ ಎತ್ತಿಕೊಟ್ಟಳು. ಎರ್ರಿ ಹಿಂದೆ ತಿರುಗತೊಡಗಿದಳು. ಅವಳಿಗೆ ಬರೀ ಕತ್ತು ತಿರುಗುವುದಿಲ್ಲ, ಮೈಯೆಲ್ಲ ತಿರುಗಬೇಕು. ಇಡೀ ತರಗತಿ ಅವಳನ್ನೇ ನೋಡುತ್ತಿತ್ತು. ಟೀಚರೂ ಸೀಮೆಸುಣ್ಣ ಹಿಡಿದು ನಿಂತರು.

"ಯಮ್ಮಾ... ನೀ ಹೋಗು," ಎಂದಳು ಎರ್ರಿ. ಬಾಯಿ ಒರೆಸಿಕೊಂಡು ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಂಡಳು. "ಇಲ್ಲಿ... ಯಾರ... ಅಮ್ಮನೂ... ಕುಂತಿಲ್ಲ."

ಮಕ್ಕಳು ಗೊಳ್ಳೆಂದು ನಕ್ಕವು. ಎರ್ರಿಯೂ ನಕ್ಕಳು. ಸುಮಂಗಲಾಳಿಗೆ ಅಳುವೂ ಬಂತು, ಮೂಗಿನ ತುದಿಗೆ ಸಿಟ್ಟೂ ಬಂತು, ಇವಳಿಗಾಗಿ ಏಳು ವರ್ಷ ನಾನು ಎಂದು ಮನಸ್ಸಿನಲ್ಲಿ ಏನೋ ಶುರುಮಾಡಿ ಅಲ್ಲಿಗೇ ಬಿಟ್ಟಳು. ಎದ್ದು ಸೀರೆಯ ಧೂಳು ಕೊಡವಿಕೊಂಡಳು. ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಗೇಟು ದಾಟುವವರೆಗೆ ಹಿಂತಿರುಗಿ ನೋಡಬೇಕೆಂದು ಬಹಳ ಅನ್ನಿಸಿತು. ನೋಡಲಿಲ್ಲ, ನೋಡಿದ್ದರೆ ಮಗಳು ಬೈಯುತ್ತಿದ್ದಳು.