ವಿಮಾನದ ಹಿಂದೆ ಹೋದ ಗಾಡಿ

ಮೊನ್ನೆ ಮೊಮ್ಮಗಳು ಪೇಪರು ಹಿಡಿದು, “ಅಜ್ಜಾ, ಬೆಳಗಾವಿಯಿಂದ ಮುಂಬೈಕ್ಕ ವಿಮಾನದಾಗ ಬರೇ ತಾಸಿನ ದಾರಿಯಂತ” ಎಂದಳು. ಮನೆಯವರೆಲ್ಲ ಬೆರಗಾದರು. ನನಗೆ ಮಾತ್ರ ನಾಚಿಕೆಯಾಯಿತು. ವಿಮಾನದ ಲೆಕ್ಕ ನಂಬಿ ಕೆಟ್ಟವನು ನಾನು. ಹೇಗೆಂದು ಕೇಳಿ.

ಎರಡನೇ ಮಹಾಯುದ್ಧದ ಕಾಲ. ನಮ್ಮದು ಹಳಿಯಾಳ, ಅಕ್ಕನನ್ನು ಕೊಟ್ಟದ್ದು ಮುಂಡಗೋಡದ ಆಚೆಯ ಪಾಳಾಕ್ಕೆ. ಎತ್ತಿನ ಗಾಡಿಯಲ್ಲಿ ಎರಡು ದಿನದ ದಾರಿ. ಪಂಚಮಿಗೆ ತಮ್ಮನಾದವನು ಹೋಗಿ ಅಕ್ಕನನ್ನು ಕರೆತರಬೇಕು. ತವರಿನ ಉಂಡಿ, ಜೋಕಾಲಿ ಅವಳಿಗೆ ವರ್ಷಕ್ಕೊಮ್ಮೆ ಮಾತ್ರ. ಆ ವರ್ಷ ಮೊದಲ ಬಾರಿಗೆ ಆ ಕೆಲಸ ನನಗೆ ಬಂತು. ಎರಡನೇ ಇಯತ್ತೆಗೇ ಶಾಲೆ ಬಿಟ್ಟವನು, ಆದರೂ ಬುದ್ಧಿವಂತನೆಂಬ ಗರ್ವ.

ಕಲಘಟಗಿಯ ದಾರಿಯಲ್ಲಿ ತಲೆಯ ಮೇಲೆ ಗುಂಯ್ ಎಂದಿತು. ನಾನು ಕಂಡ ಮೊದಲ ವಿಮಾನ. ಹೊಲದಲ್ಲಿದ್ದ ರೈತನೊಬ್ಬ ಎಲ್ಲಿಗೆಂದು ಕೇಳಿ, “ಪಾಳಾದ ಕಡೀಗೇ ಹೊಂಟೈತಿ ನೋಡು. ನೀ ಎಲಿ ಅಡಿಕಿ ಅಗದು ಉಗುಳೂದ್ರಾಗ ಅಲ್ಲಿರತೈತಿ” ಎಂದ. ವಿಮಾನ ನೆಟ್ಟಗೆ ಹೋಗುವಾಗ ನಾನೇಕೆ ಸುತ್ತು ಹಾಕಬೇಕು? ದಾರಿ ಬಿಟ್ಟು ಅದು ಹೋದತ್ತ ಗಾಡಿ ತಿರುಗಿಸಿದೆ. ಶ್ರಾವಣದ ಭತ್ತದ ಗದ್ದೆ, ಗಾಲಿ ಕೆಸರಿನಲ್ಲಿ ಹೂತು ಅಚ್ಚು ಮುರಿಯಿತು.

ಗಾಡಿ ಎತ್ತಲು ಬಂದ ಅದೇ ರೈತ, “ಅದರ ಗಾಲಿ ನೆಲಕ್ಕ ಹತ್ತಂಗಿಲ್ಲೋ ಮಾರಾಯಾ, ನಿಂದು ಹತ್ತತಾವು” ಎಂದು ನಕ್ಕ.

ಬಡಿಗನನ್ನು ಹುಡುಕಿ, ಅಚ್ಚು ಹಾಕಿಸಿ ಪಾಳಾ ಮುಟ್ಟಿದ್ದು ಪಂಚಮಿಯ ಸಂಜೆ. ಅಕ್ಕ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೇ ಕುಳಿತಿದ್ದಳು. ಓಣಿಯ ಉಳಿದವರೆಲ್ಲ ತವರಿಗೆ ಹೋಗಿಯಾಗಿತ್ತು. ಅವಳ ಮುಖ ನೋಡಿ ನಿಜ ಹೇಳುವ ಧೈರ್ಯ ಬರಲಿಲ್ಲ.

“ಎತ್ತು ಕುಂಟಿತು ಅಕ್ಕಾ.”

“ಯಾವ ಕಾಲು?”

“ಬಲಗಾಲು.”

ಅಕ್ಕ ಅರಿಶಿನ ಅರೆದು, ಎಣ್ಣೆಯಲ್ಲಿ ಬಿಸಿಮಾಡಿ ಕಟ್ಟಿದಳು. ಎತ್ತು ನನ್ನನ್ನೇ ನೋಡುತ್ತಿತ್ತು. ಮರುದಿನ ಗಾಡಿ ಹತ್ತು ಎಂದರೆ, “ಮೂಕ ಜೀವಕ್ಕ ಯಾಕ ಭಾರ? ನಾ ನಡೀತೇನಿ” ಎಂದಳು. ಅವಳು ನಡೆದ ಮೇಲೆ ನಾನೂ ಇಳಿದೆ. ದಾರಿಯುದ್ದಕ್ಕೂ ಅತ್ತೆಯ ಗೊರಕೆ, ನಾದಿನಿಯ ಬಿಂಕ ಎಲ್ಲವನ್ನೂ ಅಣಕಿಸಿ ತೋರಿಸಿದಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಆಲದ ಮರಕ್ಕೆ ಗಾಡಿಯ ಹಗ್ಗ ಕಟ್ಟಿ ಜೋಕಾಲಿಯನ್ನೂ ಆಡಿದಳು. ಆದರೆ ಅವಳ ಕೆಸರುಗಾಲು ಕಂಡಾಗಲೆಲ್ಲ ನನ್ನ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಪೇಪರು ಓದಿದ ಮರುದಿನವೇ ಬಸ್ಸು ಹತ್ತಿ ಪಾಳಾಕ್ಕೆ ಹೋದೆ. ಎಲ್ಲ ಹೇಳಿದೆ. ಅಕ್ಕ ಬೊಚ್ಚುಬಾಯಿ ತುಂಬ ನಕ್ಕಳು.

“ಸಂಜೀಕ ಬಲಗಾಲು ಅಂದಿ, ಅರಿಶಿನ ಕಟ್ಟೂಮುಂದ ಎತ್ತಿನ ಎಡಗಾಲು ಹಿಡದಿ. ನನಗ ಅವತ್ತ ಗೊತ್ತಾತು.”

“ಮತ್ತ ನಡದಿ ಯಾಕ?”

“ಗಾಡ್ಯಾಗ ಕುಂತಿದ್ರ ದಾರಿ ತುಂಬ ನಿನ್ನ ಬೆನ್ನಷ್ಟ ಕಾಣತಿತ್ತಲ್ಲೋ ತಮ್ಮಾ. ವರ್ಷಾಗಿತ್ತು ನಿನ್ನ ಮಾರಿ ನೋಡಿ.”

ಹಿಂದಿರುಗುವ ಬಸ್ಸಿಗೆ ಹೊತ್ತಾಗಿತ್ತು. ನನ್ನನ್ನು ಬಿಟ್ಟು ಬರಲು ಅಕ್ಕನ ಮೊಮ್ಮಗ ಮೋಟಾರು ಸೈಕಲ್ಲು ಹೊರತೆಗೆದ. ಬೇಡವೆಂದೆ. ಅಕ್ಕ ನನ್ನ ಮೊಳಕೈ ಹಿಡಿದಳು. ಬಸ್ಸು ಹೋದರೆ ಹೋಗಲಿ ಎಂದು ಇಬ್ಬರೂ ಮೆಲ್ಲಗೆ ನಡೆದೆವು.