ಗುಂಯ್ ಸದ್ದಿಗೆ ಜಾಗ ಕೊಡದ ಮೈಕಕ್ಕ

ಪುರಸಭೆಯ ಮೈಕು ನೋಡಿಕೊಳ್ಳುವ ನೌಕರರೊಬ್ಬರನ್ನು ಹದಿನೈದು ದಿನ ಅಮಾನತು ಮಾಡಲಾಯಿತು. ಕಾರಣ: ಸಭಾಭವನದ ಮೈಕುಗಳಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿತು.

ಬೆಳಗಿನ ಐದೂವರೆ. ಊರೆಲ್ಲ 'ಮೈಕಕ್ಕ' ಎಂದು ಕರೆಯುವ ಆಕೆ ಅಡುಗೆಮನೆಯ ಮೇಜಿನ ಮುಂದೆ ಕೂತು, ಚಿಮುಟದಲ್ಲಿ ಟ್ರಾನ್ಸಿಸ್ಟರೊಂದನ್ನು ಹಿಡಿದು ಮೀಟರು ನೋಡುತ್ತಿದ್ದಾರೆ. ಫ್ಯಾನು ಬಂದ್, ಒಲೆ ಬಂದ್. ಬೆರಳು ತಗುಲಿದರೂ ಹತ್ತಿರ ನಿಂತು ಉಸಿರು ಬಿಟ್ಟರೂ ಕಾಳಿನಷ್ಟಿರುವ ಅದು ಬೆಚ್ಚಗಾಗಿ ಸುಳ್ಳು ಹೇಳುತ್ತದೆ.

"ಈ ಮನೇಲಿ ಉಸಿರಾಡೋಕೂ ಸೊಸೆ ಅಪ್ಪಣೆ ಬೇಕು. ಟೀ ಯಾವಾಗಮ್ಮ?" ಬಾಗಿಲಾಚೆಯಿಂದ ಅತ್ತೆ.

"ಇನ್ನು ನಲವತ್ತಿದೆ ಅತ್ತೆ."

"ನಿಮಿಷಾನಾ?"

"ಟ್ರಾನ್ಸಿಸ್ಟರು."

"ಹಾಗಾದ್ರೆ ಮತ್ತೆ ಮಲಗ್ತೀನಿ."

ಇನ್ನೂರು ಅಳೆದರೆ ಅಚ್ಚು ಹಾಕಿದಂಥ ಜೋಡಿ ಸಿಗುವುದು ಏಳೋ ಎಂಟೋ. ಯಾಕಿಷ್ಟು ಪಾಡು ಎಂದರೆ ಮೈಕಕ್ಕ ಹೇಳುತ್ತಾರೆ: "ಮೈಕಿಂದ ಎರಡು ತಂತೀಲಿ ಮಾತು ಬರುತ್ತೆ, ಒಂದ್ರಲ್ಲಿ ನೆಟ್ಟಗೆ, ಇನ್ನೊಂದ್ರಲ್ಲಿ ತಲೆಕೆಳಗಾಗಿ. ದಾರೀಲಿ ಹತ್ಕೊಳ್ಳೋ ಗುಂಯ್ ಮಾತ್ರ ಎರಡ್ರಲ್ಲೂ ಒಂದೇ ಥರ. ಈ ಜೋಡಿ ಹಾಕಿ ಕಟ್ಟಿದ ನನ್ನ ಪೆಟ್ಟಿಗೆ ಒಂದ್ರಿಂದ ಇನ್ನೊಂದನ್ನ ಕಳೆಯುತ್ತೆ. ಗುಂಯ್ ಸೊನ್ನೆ. ಉಳಿದ ಮಾತು ಒಂದೇ ತಂತೀಲಿ ಆಂಪ್ಲಿಫೈಯರಿಗೆ. ಜೋಡಿ ಹೊಂದದಿದ್ರೆ ಕಳೆಯೋ ಲೆಕ್ಕವೇ ತಪ್ಪುತ್ತೆ."

ಅಪ್ಪನ ರೇಡಿಯೊ ರಿಪೇರಿ ಅಂಗಡಿಯೇ ಇವರ ಕಾಲೇಜು. ಪುರಸಭೆಯಲ್ಲಿ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ, ಹಿಂದಿನ ಸಾಲಿನ ಸಾರ್ವಜನಿಕರ ಮೈಕಿಗೆ ಯಾರು ದೂರು ತಂದರೂ ವೇದಿಕೆಯಿಂದ ಒಂದೇ ಉತ್ತರ: "ಕೇಳಿಸ್ತಿಲ್ಲ, ಕೂತ್ಕೊಳ್ಳಿ." ಪುರಸಭೆಯಲ್ಲಿ ರಜೆಯಿಲ್ಲದೆ ದುಡಿದ ನಿಷ್ಠಾವಂತ ನೌಕರ ಆ ಗುಂಯ್ ಒಂದೇ.

ಮೈಕಕ್ಕ ಕಟ್ಟಿದ ಮೂರನೇ ಪೆಟ್ಟಿಗೆ ಸಿಳ್ಳೆ ಹೊಡೆಯಿತು. ಆರನೆಯದು ಯಾವುದೋ ರೇಡಿಯೊ ಹಿಡಿದು ಬಜೆಟ್ ಸಭೆಗೆ ಫುಟ್‌ಬಾಲ್ ಕಾಮೆಂಟರಿ ಕೇಳಿಸಿತು. ಸದಸ್ಯರಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ. ಹನ್ನೊಂದನೆಯದು ಗೆದ್ದಿತು. ಅದೇ ಥರದ್ದನ್ನು ಸಭಾಭವನದ ಎಂಟೂ ಮೈಕಿಗೆ ಹಾಕಿದರು.

ಮರುದಿನದ ಸಭೆಯಲ್ಲಿ ಕಸ ಗುಡಿಸುವ ಹೆಂಗಸೊಬ್ಬಳು, ಗ್ಲೌಸು ಯಾವಾಗ ಕೊಡ್ತೀರಿ ಎಂದು ಕೇಳಿದಳು. ಅಧ್ಯಕ್ಷರು ಎಂದಿನಂತೆ ಕಾರ್ಯದರ್ಶಿಯ ಕಿವಿಗೆ ಬಾಗಿ ಪಿಸುಗುಟ್ಟಿದರು. ಇಡೀ ಸಭಾಭವನಕ್ಕೆ ಕೇಳಿಸಿತು: "ಹೂಂ ಅಂದ್ಬಿಡ್ರೀ, ಹೋದ್ಮೇಲೆ ಮರೆತ್ರಾಯ್ತು."

ಹೆಂಗಸು ಮೈಕಿಗೆ ಬಾಯಿಟ್ಟು, "ಕೇಳಿಸ್ತು ಸಾರ್," ಎಂದಳು.

ಜನ ನಕ್ಕರು. ಗ್ಲೌಸು ಮೂರು ದಿನದಲ್ಲಿ ಬಂತು. ಅಮಾನತು ಅದಕ್ಕೂ ಮೊದಲೇ ಬಂತು.

ಇವತ್ತು ಮತ್ತೆ ಕೆಲಸಕ್ಕೆ ಹಾಜರಿ, ಹನ್ನೊಂದಕ್ಕೆ ಸಭೆ. ಎಂಟರಲ್ಲಿ ಒಂದು ಕೆಟ್ಟರೆ ಬದಲಿಗಿರಲಿ ಎಂದು ಮೈಕಕ್ಕ ಇನ್ನೊಂದು ಪೆಟ್ಟಿಗೆಗೆ ಜೋಡಿ ಹುಡುಕುತ್ತಿದ್ದಾರೆ. ಆರು ಗಂಟೆಗೇ ಕಾರ್ಯದರ್ಶಿ ಅಡುಗೆಮನೆಗೆ ಬಂದು ನಿಂತಿದ್ದಾರೆ, ಕೈಯಲ್ಲಿ ಆದೇಶ.

"ಎಂಟೂ ಪೆಟ್ಟಿಗೆ ಕಿತ್ತು ಮೊದಲಿನ ಹಾಗೇ ಮಾಡಿಬಿಡಿ. ಒಂದು ಚೂರು ಗುಂಯ್ ಇರ್ಲಿ."

"ಅಧ್ಯಕ್ಷರ ಮೈಕಿಗೆ ಸ್ವಿಚ್ಚಿದೆಯಲ್ಲ ಸಾರ್. ಆರಿಸಿ ಪಿಸುಗುಟ್ಟಲಿ."

"ಸ್ವಿಚ್ ಒತ್ತಿದ್ರೆ ಜನಕ್ಕೆ ಗೊತ್ತಾಗಲ್ವೇನ್ರೀ?"

"ಗುಂಯ್ ಹಾಕೋದಂತೂ ಆಗಲ್ಲ."

"ಇದು ಆದೇಶ. ಈ ಸಲ ಬರೀ ಹದಿನೈದು ದಿನಕ್ಕೆ ಮುಗಿಯಲ್ಲ," ಎಂದು ಕಾರ್ಯದರ್ಶಿ ಕಾಗದವನ್ನು ಮೇಜಿನ ಹತ್ತಿರಕ್ಕೆ ಚಾಚುತ್ತಾರೆ.

ಮೈಕಕ್ಕ ತಲೆ ಎತ್ತುವುದಿಲ್ಲ. ಚಿಮುಟವನ್ನೂ ಬಿಡುವುದಿಲ್ಲ.

"ಆಗಲ್ಲ ಅಂದ್ನಲ್ಲ ಸಾರ್. ಸ್ವಲ್ಪ ಹಿಂದೆ ಸರೀರಿ, ನಿಮ್ಮ ಉಸಿರಿಗೆ ಮೀಟರು ಓಡ್ತಿದೆ."